ಮಲೀದಾದ ಅಧ್ಯಾಯ

ರುಕ್ಸಾನಾ ತನ್ನ ಕಾದಂಬರಿಯ ಯಾವ ಅಧ್ಯಾಯವನ್ನೂ ನೇರವಾಗಿ ಕಾಗದಕ್ಕೆ ಇಳಿಸಿದವಳಲ್ಲ. ಮೊದಲು ಅದನ್ನು ಮಲ್ಲೇಶ್ವರಿಗೆ ಬಾಯಲ್ಲಿ ಹೇಳಬೇಕು. ಮಲ್ಲೇಶ್ವರಿ ದೋರನಹಳ್ಳಿಯ ಪಂಚಾಯಿತಿ ಗ್ರಂಥಾಲಯಕ್ಕೆ ಬೀಗ ಹಾಕಿ, ಬಸ್ಸಿನಲ್ಲಿ ನಿಂತುಕೊಂಡೇ ಶಹಾಪುರಕ್ಕೆ ಬಂದು, ಗೆಳತಿಯ ಅಡುಗೆಮನೆಯ ಹೊಸ್ತಿಲಿಗೆ ಒರಗಿ ಪುಂಡಿಪಲ್ಯ ಬಿಡಿಸುತ್ತ ಕೇಳಬೇಕು. ಕೇಳುವಾಗ ಹೂಂ ಅನ್ನಬೇಕು. ಹೊಳೆದಂಡೆಯ ಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಅಲ್ಲಿ ಹೂಂ ಅನ್ನುವವರಿಲ್ಲದೆ ಯಾವ ಮುದುಕಿಯೂ ಕಥೆಗೆ ಬಾಯಿ ತೆರೆಯುವುದಿಲ್ಲ. ಹೂಂ ಇಲ್ಲದ ಕಥೆ ದೆವ್ವದ ಪಾಲು ಎಂದು ಹಿರಿಯರ ಮಾತು.

"ಯಾಕ, ಹೂಂ ನಿಂತಿತಲ್ಲ?" ಎಂದು ರುಕ್ಸಾನಾ ನಡುವೆ ತಡೆಯುತ್ತಿದ್ದಳು.

"ಪಲ್ಯದಾಗ ಹುಳ ಇತ್ತವಾ."

"ಪಲ್ಯದಾಗಲ್ಲ, ನನ್ನ ಕಥ್ಯಾಗ ಅದ. ಎಲ್ಲಿಂದ ಬ್ಯಾಸರಾತು, ಅದನ್ನ ಹೇಳು."

ಮಲ್ಲೇಶ್ವರಿ ಹೇಳುತ್ತಿದ್ದಳು. ರುಕ್ಸಾನಾ ಮುಖ ಗಂಟು ಹಾಕಿಕೊಂಡು ಒಲೆಯ ಕಡೆ ತಿರುಗುತ್ತಿದ್ದಳು, ಚಹಾ ಸೋಸುತ್ತಿದ್ದಳು, ಮತ್ತೆ ಅಲ್ಲಿಂದಲೇ ಶುರುಮಾಡುತ್ತಿದ್ದಳು. ಹೂಂ ತುದಿಯವರೆಗೆ ಮುಟ್ಟಿದ ದಿನ ಮಾತ್ರ ಪೆನ್ನು ಹಿಡಿಯುವುದು.

ಹೀಗೆ ಬರೆಯುತ್ತಿದ್ದವಳು ಕಳೆದ ವರ್ಷ ಮುಂಗಾರು ಹಿಡಿಯುವ ಮೊದಲು ಮಣ್ಣಾದಳು. ಐವತ್ತೂ ತುಂಬಿರಲಿಲ್ಲ. ಮುಸ್ಲಿಂ ಸಂವೇದನೆಯ ಲೇಖಕಿ ಇನ್ನಿಲ್ಲ ಎಂದು ಪತ್ರಿಕೆಗಳು ಬರೆದವು. ಸಂವೇದನೆ ಎಂಬ ಪದವನ್ನು ರುಕ್ಸಾನಾ ಬದುಕಿದ್ದಾಗ ಬೈಗುಳದ ಹಾಗೆ ಬಳಸುತ್ತಿದ್ದಳು. ಹಾಲು ಒಡೆದರೆ, "ಥೂ ಇದರ ಸಂವೇದನೆ" ಎನ್ನುತ್ತಿದ್ದಳು.

ಇಬ್ಬರೂ ನಾರಾಯಣಪುರದ ಹುಡುಗಿಯರು. ರುಕ್ಸಾನಾಳ ತಂದೆ ಅಮೀನಸಾಬರು ಅಣೆಕಟ್ಟಿನ ಗೇಟುಗಳ ಮೇಲೆ ಕೆಲಸಕ್ಕಿದ್ದರು. ನೀರಾವರಿ ಕಾಲೊನಿಯ ಕೊನೆಯ ಸಾಲಿನ ಕ್ವಾರ್ಟರ್ಸು ಅವರದು. ಮಲ್ಲೇಶ್ವರಿಯ ತಂದೆ ಅಂಬಣ್ಣ ಹರಗೋಲಿನಲ್ಲಿ ಮೀನು ಹಿಡಿಯುವವನು. ಮನೆ ಕಾಲೊನಿಯ ತಂತಿಬೇಲಿಯ ಆಚೆ, ಹೊಳೆಯ ಕಡೆ. ಬೇಲಿಯಲ್ಲಿ ನಾಯಿ ನುಸುಳುವಷ್ಟು ಒಂದು ಕಂಡಿ ಇತ್ತು. ಹುಡುಗಿಯರಿಗೆ ಅದೇ ಅಗಸಿ ಬಾಗಿಲು. ಬೇಲಿ ತಗುಲಿ ಲಂಗ ಹರಿದು ಬೈಸಿಕೊಂಡರೂ ದೊಡ್ಡ ಗೇಟಿನಿಂದ ಸುತ್ತಿ ಬಂದವರಲ್ಲ.

ಮೇಲಿನಿಂದ ಹುಕುಂ ಬಂದರೆ ಅಮೀನಸಾಬರು ಮೊದಲು ಸೈರನ್ನು ಕೂಗಿಸುತ್ತಿದ್ದರು, ಆಮೇಲೆ ಗೇಟು ಎತ್ತುತ್ತಿದ್ದರು. ಸೈರನ್ನಿಗೆ ಅಂಬಣ್ಣನಂಥವರು ಹರಗೋಲು ಹೊತ್ತುಕೊಂಡು ದಿಬ್ಬ ಹತ್ತುತ್ತಿದ್ದರು, ಕೆಳಗಿನ ಊರುಗಳಲ್ಲಿ ಡಂಗುರ ಸಾರುತ್ತಿದ್ದರು. ಒಂದು ಮಳೆಗಾಲ, ಸೈರನ್ನೂ ಆಗಿ ಡಂಗುರವೂ ಆದ ಮೇಲೆ, ಕೆಳಗಿನ ಊರಿನ ರೈತನೊಬ್ಬ ದಂಡೆಯ ಪಂಪಿನ ಮೋಟಾರು ಬಿಚ್ಚಿಕೊಂಡು ಬರುತ್ತೇನೆಂದು ಇಳಿದ. ಆಮೇಲೆ ಮೋಟಾರು ಸಿಕ್ಕಿತು, ಅವನು ಸಿಗಲಿಲ್ಲ. ಯಾರೂ ಅಮೀನಸಾಬರನ್ನು ತಪ್ಪಿತಸ್ಥ ಅನ್ನಲಿಲ್ಲ. ಅವರು ಮಾತ್ರ ಅಂದಿನಿಂದ ಗೇಟಿನ ಗುಂಡಿ ಒತ್ತುವ ಬಲಗೈಯನ್ನು ಊಟಕ್ಕೆ ಕೂರುವ ಮೊದಲು ಬಹಳ ಹೊತ್ತು ತೊಳೆಯುತ್ತಿದ್ದರು.

ಅಣೆಕಟ್ಟು ತುಂಬಿದ ವರ್ಷ ದೊಡ್ಡವರು ಕಾರುಗಳಲ್ಲಿ ಬಂದು ಬಾಗಿನ ಬಿಟ್ಟು, ಫೋಟೊ ತೆಗೆಸಿಕೊಂಡು ಹೋಗುವರು. ಅದು ಮುಗಿದ ಮೇಲಿನ ಗುರುವಾರ ಸಂಜೆ ಕಾಲೊನಿಯ ಕೊನೆಯ ಸಾಲಿನವರದೇ ಒಂದು ಪದ್ಧತಿ ಇತ್ತು. ರುಕ್ಸಾನಾಳ ತಾಯಿ ಮುನ್ನಿಬೀ ಗೋಧಿ ರೊಟ್ಟಿ ಮುರಿದು, ಬೆಲ್ಲ ತುಪ್ಪ ಹಾಕಿ ಹಿಸುಕಿ ಮಲೀದಾ ಮಾಡುವಳು. ಅದು ಖಾಜಾ ಖಿಜರರಿಗೆ. ನೀರಿಗೆಲ್ಲ ಅವರೇ ಯಜಮಾನರು, ಹಸಿರು ಜುಬ್ಬದವರು, ಮೀನಿನ ಮೇಲೆ ನಿಂತು ಬರುವವರು. ಮಲ್ಲೇಶ್ವರಿಯ ತಾಯಿ ಶೇಖಮ್ಮ ಹಸಿರು ಬಳೆ, ಅರಿಷಿಣ, ಹುರಿಗಡಲೆ ತರುವಳು. ಅದು ಗಂಗವ್ವಗೆ. ಹರಗೋಲು ಅಂಬಣ್ಣನದು, ದೀಪ ಒಂದೇ. ಯಾರ ದೇವರಿಗೆ ಯಾವುದು ಮುಟ್ಟಿತು ಎಂದು ನೀರನ್ನು ಯಾರು ಕೇಳುತ್ತಾರೆ?

ಅಂಬಣ್ಣ ಹುಟ್ಟು ಹಾಕುತ್ತ ಕೆಣಕುತ್ತಿದ್ದ: "ಮುನ್ನಿಬೀ, ನಿಮ್ಮ ಖಾಜಾ ಮೀನಿನ ಮ್ಯಾಲ ನಿಂತಾರಂತಿ. ಆ ಮೀನು ನನ್ನ ಬಲಿಗಿ ಬಿದ್ದರ ಏನ್ ಮಾಡ್ಲಿ?"

"ಬಿಟ್ಟುಬಿಡು ಮತ್ತ. ಇಲ್ಲಂದ್ರ ನಿಮ್ಮ ಗಂಗವ್ವಗ ಹೇಳ್ತೀನಿ, ಈ ಅಂಬಣ್ಣಗ ಕೂಳ ಹಾಕಬ್ಯಾಡವಾ ಅಂತ."

ಆ ರೈತ ಮುಳುಗಿದ ವರ್ಷದಿಂದ ಅಮೀನಸಾಬರೂ ಹರಗೋಲಿನಲ್ಲಿ ಬಂದು ಕೂರತೊಡಗಿದರು. ಮಲೀದಾ ಬಿಡುವಾಗ ಬಲಗೈಯನ್ನು ನೀರಲ್ಲಿ ಇಳಿಬಿಡುವರು. ಹುಡುಗಿಯರಿಬ್ಬರೂ ಅದನ್ನು ನೋಡಿದ್ದರು.

ರುಕ್ಸಾನಾ ಓದು ಮುಗಿಸಿ ಶಹಾಪುರದ ಖಾಸಗಿ ಪ್ರೌಢಶಾಲೆಯೊಂದರಲ್ಲಿ ಕನ್ನಡ ಟೀಚರಾದಳು. ಸಂಬಂಧ ಹುಡುಕಿ ಬಂದವರಿಗೆ ಕನ್ನಡ ಟೀಚರು ಬೇಕಿರಲಿಲ್ಲ, ಇವಳಿಗೆ ಅವರು ಬೇಕಿರಲಿಲ್ಲ. ಮದುವೆಯ ಮಾತು ತಾನಾಗಿಯೇ ಸವೆದುಹೋಯಿತು. ತಂದೆ ತೀರಿಕೊಂಡ ಮೇಲೆ ತಾಯಿಯೂ ತಮ್ಮ ಆಸೀಫನೂ ಶಹಾಪುರಕ್ಕೆ ಬಂದರು. ಆಸೀಫ ಟೈರಿನ ಅಂಗಡಿ ಇಟ್ಟ, ಮದುವೆಯಾದ, ತಾಯಿಯನ್ನು ತನ್ನಲ್ಲಿ ಇಟ್ಟುಕೊಂಡ. ರುಕ್ಸಾನಾ ಎರಡು ಓಣಿ ಆಚೆ ಒಬ್ಬಳೇ ಇದ್ದಳು. ಮನೆಯಲ್ಲಿ ದಖನಿ ಮಾತು, ಶಾಲೆಯಲ್ಲಿ ಕನ್ನಡ, ಬೈಯುವುದಕ್ಕೆ ಎರಡೂ.

ಮೊದಲ ಕಾದಂಬರಿ ಚಿಕ್ಕಮ್ಮ ಆಸ್ಮಾಳ ಮೇಲಿತ್ತು. ಸುರಪುರದಲ್ಲಿದ್ದ ಆಸ್ಮಾಗೆ ಗಂಡ ಫೋನಿನಲ್ಲೇ ತಲಾಖ್ ಹೇಳಿ ಕೈ ತೊಳೆದುಕೊಂಡಿದ್ದ. ರುಕ್ಸಾನಾ ಹೆಸರು ಬದಲಿಸಿದಳು, ಊರು ಬದಲಿಸಿದಳು. ಆದರೆ ಅಳು ಬಂದಾಗೆಲ್ಲ ಆಸ್ಮಾ ಗೋಡೆಯ ಹಲಗೆ ಮೇಲಿನ ತವರುಮನೆಯ ತಟ್ಟೆಗಳನ್ನು ಇಳಿಸಿ, ತೊಳೆದದ್ದನ್ನೇ ಮತ್ತೆ ತೊಳೆಯುವುದನ್ನು ಬದಲಿಸಲಿಲ್ಲ. ಮಲ್ಲೇಶ್ವರಿ ಹೊಸ್ತಿಲಲ್ಲಿ ಕೂತು ಅದಕ್ಕೂ ಹೂಂ ಅಂದಿದ್ದಳು. ಅಧ್ಯಾಯ ಅಷ್ಟು ಚೆನ್ನಾಗಿತ್ತು.

ಕಲಬುರಗಿಯ ಪ್ರಕಾಶಕ ಮರಿಲಿಂಗಪ್ಪ ಅದನ್ನು ಅಚ್ಚು ಹಾಕಿದ. ಪುಸ್ತಕ ಓಡಿತು. ಬಹುಮಾನ ಬಂತು, ಕಾಲೇಜುಗಳಲ್ಲಿ ಚರ್ಚೆಯಾಯಿತು. ಸುರಪುರದ ಓಣಿಯಲ್ಲಿ ಓದಿದವರು ಓದದವರಿಗೆ ಹೇಳಿದರು. ಮರುವಾರ ಆಸ್ಮಾಳ ಮನೆಗೆ ನೀರು ಕೇಳುವ ನೆಪದಲ್ಲಿ ಹೆಂಗಸರು ಬಂದು ಹಲಗೆಯ ಕಡೆ ಕತ್ತೆತ್ತಿ ತಟ್ಟೆ ನೋಡಿ ಹೋದರು.

ರುಕ್ಸಾನಾ ಮಲ್ಲೇಶ್ವರಿಯ ಜೊತೆ ಸಿಹಿ ತೆಗೆದುಕೊಂಡು ಹೋದಾಗ ಆಸ್ಮಾ ಬಾಗಿಲಲ್ಲೇ ನಿಂತಳು.

"ನನ್ನ ತಲಾಖ ಒಂದಾ ಸಲ ಆಗಿತ್ತು. ನೀ ಸಾವಿರ ಪ್ರತಿ ಮಾಡ್ಸೀದಿ."

ಬಾಗಿಲು ಹಾಕಿಕೊಂಡಿತು. ಮರಳಿ ಬರುವ ಬಸ್ಸಿನಲ್ಲಿ ರುಕ್ಸಾನಾ, "ಓದಿಲ್ಲ ಬರದಿಲ್ಲ, ಅಕಿಗೇನು ತಿಳೀತದ" ಎಂದಳು. ಮಲ್ಲೇಶ್ವರಿ ಅದಕ್ಕೆ ಹೂಂ ಅನ್ನಲಿಲ್ಲ. ಶಹಾಪುರ ಬರುವವರೆಗೆ ಇಬ್ಬರೂ ಸಿಹಿಯ ಡಬ್ಬಿಯನ್ನು ಮಡಿಲಿಂದ ಮಡಿಲಿಗೆ ದಾಟಿಸುತ್ತ ಕೂತಿದ್ದರು. ಆಮೇಲೆ ರುಕ್ಸಾನಾ ಎಷ್ಟೋ ಸಲ ಸುರಪುರಕ್ಕೆ ಹೋದಳು. ಬಾಗಿಲು ತೆರೆಯಲಿಲ್ಲ.

ಆ ಪುಸ್ತಕದ ಬೆನ್ನಿಗೆ ಸಭೆಗಳು ಶುರುವಾದವು. ಎಲ್ಲಿ ಕರೆದರೂ ಒಂದೇ ಗೋಷ್ಠಿ, ಒಂದೇ ಸಾಲಿನ ಕುರ್ಚಿ, ಒಂದೇ ಪ್ರಶ್ನೆ. ಯಾದಗಿರಿಯಲ್ಲಿ ಒಬ್ಬ ಪ್ರಾಧ್ಯಾಪಕರು ಎದ್ದು ನಿಂತು, ಬಹಳ ಮರುಕದಿಂದ ಕೇಳಿದರು: "ನಿಮಗೆ ತಲಾಖ್ ಆದದ್ದು ಯಾವಾಗ, ಮೇಡಂ?"

"ಮೊದಲು ನಿಕಾ ಆಗ್ಲಿ ಬಿಡ್ರಿ ಸರ. ಎಲ್ಲಾ ಒಂದಾ ದಿನ ಮಾಡಿ ಮುಗಸ್ತೀರೇನು ನಂದು?"

ಸಭೆ ನಕ್ಕಿತು. ನಕ್ಕು ಮುಗಿದ ಮೇಲೆ ಇನ್ನೊಬ್ಬರು ಎದ್ದು ಬುರ್ಖಾದ ಬಗ್ಗೆ ಕೇಳಿದರು. ಅವಳು ಹುಟ್ಟಿದಾಗಿನಿಂದ ಬುರ್ಖಾ ತೊಟ್ಟವಳಲ್ಲ. ಅವಳ ಕೇರಿಯಲ್ಲಿ ಆಗ ಯಾರೂ ತೊಡುತ್ತಿರಲಿಲ್ಲ. ಹಾಗೆಂದು ಹೇಳಿದಳು. ಕೇಳಿದವರ ಮುಖ ಸಪ್ಪಗಾಯಿತು, ಊಟಕ್ಕೆ ಕರೆದು ಬರೀ ಅನ್ನ ಬಡಿಸಿದ ಹಾಗೆ.

ಅವಳಿಗೆ ಬರೆಯಬೇಕಿದ್ದದ್ದು ತಂದೆಯ ಕೈ. ಎರಡನೆಯ ಕಾದಂಬರಿಗೆ 'ಗೇಟಿನ ಕೆಳಗೆ' ಎಂದು ಹೆಸರಿಟ್ಟಳು. ಅಣೆಕಟ್ಟಿನ ಗೇಟು ಎತ್ತುವವನೊಬ್ಬ, ಅವನು ಬಿಟ್ಟ ನೀರಿನ ಕೆಳಗೆ ಬದುಕುವ ಅಂಬಿಗನೊಬ್ಬ. ಇಷ್ಟೇ ಕಥೆ. ಇದನ್ನು ಬರೆಯಲು ವರ್ಷಗಟ್ಟಲೆ ಹಿಡಿಯಿತು. ಪುಂಡಿಪಲ್ಯ ಬಿಡಿಸಿ ಬಿಡಿಸಿ ಮಲ್ಲೇಶ್ವರಿಯ ಬೆರಳು ಕಪ್ಪಾದವು. ನಡುವಿನ ಒಂದು ಅಧ್ಯಾಯದಲ್ಲಿ ಆ ಗುರುವಾರ ಸಂಜೆ ಬರುತ್ತದೆ. ಮುಳುಗಿದ ರೈತನ ಹೆಂಡತಿ ಎದುರಿನ ದಂಡೆಗೆ ಬಂದು ನಿಂತಿರುತ್ತಾಳೆ, ಹರಗೋಲು ಅಲ್ಲಿಗೆ ಮುಟ್ಟುತ್ತದೆ. ಗೇಟಿನವನ ಕೈಯಲ್ಲಿ ಮಲೀದಾದ ತಟ್ಟೆ. ಅವಳು ಕೈಯೊಡ್ಡುತ್ತಾಳೆ. ಅವನಿಗೆ ಕೊಡಲಾಗುವುದಿಲ್ಲ. ಅಂಬಿಗ ತಟ್ಟೆ ಇಸಿದುಕೊಂಡು ಅವಳ ಸೆರಗಿಗೆ ಹಾಕುತ್ತಾನೆ. ಅವಳು ಅಲ್ಲೇ ಕುಕ್ಕರಗಾಲಲ್ಲಿ ಕೂತು, ನೀರನ್ನು ನೋಡುತ್ತ, ಅಷ್ಟನ್ನೂ ತಿನ್ನುತ್ತಾಳೆ.

ಅಲ್ಲಿ ಮಲ್ಲೇಶ್ವರಿಯ ಹೂಂ ನಿಂತಿತು. ಅವಳ ತಂದೆ ಅಂಬಣ್ಣ ಸತ್ತು ಆಗ ವರ್ಷವಾಗಿತ್ತು. ರುಕ್ಸಾನಾ ಯಾಕೆಂದು ಕೇಳಲಿಲ್ಲ. ಆ ಒಂದು ಸಲ ಮಾತ್ರ ಹೂಂ ಇಲ್ಲದೆ ಕಥೆಯನ್ನು ಕೊನೆಯವರೆಗೆ ಹೇಳಿದಳು.

ಅಚ್ಚಿಗೆ ಕೊಟ್ಟು ಮೂರು ತಿಂಗಳಾದ ಮೇಲೆ ಮರಿಲಿಂಗಪ್ಪ ಶಹಾಪುರಕ್ಕೆ ತಾನೇ ಬಂದ. ಕೆಟ್ಟ ಮನುಷ್ಯನಲ್ಲ. ಚಹಾ ಕುಡಿದ, ಮೊದಲ ಪುಸ್ತಕದ ಹೊಸ ಮುದ್ರಣದ ಪ್ರತಿಗಳನ್ನು ಕೊಟ್ಟ, ಮಲ್ಲೇಶ್ವರಿಗೂ ನಮಸ್ಕಾರ ಮಾಡಿದ.

"ಮೇಡಂ, ಬರವಣಿಗಿ ಛಲೋ ಅದ. ಆದರ ನಿಮ್ಮ ಓದುಗರು ನಿಮ್ಮಿಂದ ಅಣೆಕಟ್ಟು ಕೇಳಂಗಿಲ್ರಿ. ಒಳಗಿನ ಕಥಿ ಕೇಳ್ತಾರ."

"ಇದು ಒಳಗಿಂದಾ ಅದರಿ. ನಮ್ಮಪ್ಪನ ಕೈ ಎಲ್ಲಿತ್ತು ಮತ್ತ, ಹೊರಗ?"

"ಹಂಗಲ್ರಿ. ಆತು, ಅಣೆಕಟ್ಟು ಇರ್ಲಿ. ಆ ಮಲೀದಾದ ಅಧ್ಯಾಯ ಒಂದು ತಗದು ಕೊಡ್ರಿ, ನಾಳಿಗೇ ಹಾಕ್ತೀನಿ. ಸಾಬರ ಹೆಣ್ಮಗಳು ಹೊಳಿಗಿ ಎಡಿ ಬಿಡ್ತಾಳ ಅಂದ್ರ, ಈಗಿನ ಕಾಲದಾಗ ಈ ಕಡಿಯವರೂ ಹಿಡ್ಕೋತಾರ, ಆ ಕಡಿಯವರೂ ಹಿಡ್ಕೋತಾರ. ಓದುಗಗೂ ಗೊಂದಲ. ಇವರು ಯಾರು, ಮುಸ್ಲಿಮರೋ ಹಿಂದೂಗಳೋ ಅಂತ."

"ನಾರಾಯಣಪುರದವರು," ಎಂದಳು ರುಕ್ಸಾನಾ.

ಮರಿಲಿಂಗಪ್ಪ ನಕ್ಕ. ಅವನಿಗೆ ಅದು ತಮಾಷೆ ಅನ್ನಿಸಿತ್ತು. ಅವನು ಹೋದ ಮೇಲೆ ರುಕ್ಸಾನಾ ಅವನು ಕುಡಿದ ಲೋಟವನ್ನು ತೊಳೆಯುತ್ತ ಬಹಳ ಹೊತ್ತು ನಿಂತಳು.

ಅದೇ ಅಧ್ಯಾಯಕ್ಕೆ ಮನೆಯೊಳಗೂ ಒಬ್ಬ ಶತ್ರುವಿದ್ದ. ಆಸೀಫನಿಗೆ ಅಂಗಡಿ ಕುದುರಿದ ಮೇಲೆ ಧರ್ಮದ ಕಡೆ ಮನಸ್ಸು ಹೊರಳಿತ್ತು. ಊರೂರು ತಿರುಗಿ ತಿಳಿವಳಿಕೆ ಹೇಳುವವರ ಜೊತೆ ಹೋಗಿಬರುತ್ತಿದ್ದ. ಖಾಜಾ ಖಿಜರರ ಹೆಸರಲ್ಲಿ ನೀರಿಗೆ ಎಡೆ ಬಿಡುವುದು ಪಾಪವೆಂದು ತಾಯಿಯಿಂದ ಅದನ್ನು ಬಿಡಿಸಿ ಎಷ್ಟೋ ವರ್ಷಗಳಾಗಿದ್ದವು. ಮುನ್ನಿಬೀ ವಾದಿಸಿರಲಿಲ್ಲ. "ನೀರೂ ದೂರಾತು, ಮಗಾನೂ ಬ್ಯಾಡಂದ" ಎಂದಿದ್ದಳು.

"ಅಕ್ಕಾ, ಅಪ್ಪ ತಪ್ಪು ಮಾಡ್ಯಾನ. ಅವಗ ತಿಳೀಲಿಲ್ಲ, ಅಲ್ಲಾ ಮಾಫ್ ಮಾಡ್ತಾನ," ಎಂದ ಆಸೀಫ. "ನೀ ತಿಳದು ಬರದಿ. ಅಚ್ಚ ಹಾಕಿದ ಮ್ಯಾಲ ಅಳಸಾಕ ಬರಂಗಿಲ್ಲ."

"ಅದಕ್ಕಾ ಅಚ್ಚ ಹಾಕ್ಸಾಕತ್ತೀನಿ."

"ನನ್ನ ಮಾತು ಕೇಳಬ್ಯಾಡ. ಮಣ್ಣಾಗ ಹೋದ ಮ್ಯಾಲ ದೇವದೂತರು ಬಂದು ಲೆಕ್ಕ ಕೇಳ್ತಾರಲ್ಲ, ಅವಾಗ ಯಾರಿಗಿ ಓದಿ ಹೇಳ್ತಿ?"

"ಅಲ್ಲಿ ಕೇಳೋರು ಹೂಂ ಅಂದ್ರ ಹೇಳ್ತೀನಿ."

ಆಸೀಫ ನಗಲಿಲ್ಲ. ಅವನು ಸುಮ್ಮನೆ ಹೆದರಿಸಲು ಹೇಳಿದ ಮಾತಲ್ಲ ಅದು. ಅವನಿಗೆ ನಿಜವಾಗಿ ಭಯವಿತ್ತು. ಅಕ್ಕನ ಎದೆಯಲ್ಲಿ ಗಂಟು ಕಾಣಿಸಿಕೊಂಡಾಗ, ಕಲಬುರಗಿಯ ಆಸ್ಪತ್ರೆಗೆ ಹೋದ ಒಂದು ಸಲವೂ ಅವಳನ್ನು ಬಸ್ಸಿಗೆ ಬಿಟ್ಟವನಲ್ಲ ಆಸೀಫ. ಅಂಗಡಿ ಮುಚ್ಚಿ ಕಾರು ತೆಗೆಯುತ್ತಿದ್ದ. ಔಷಧಿ ಕೊಟ್ಟ ಮೇಲೆ ವಾಂತಿ ಬರುತ್ತದೆಂದು ದಾರಿಯುದ್ದಕ್ಕೂ ಮೆಲ್ಲಗೆ ಓಡಿಸುತ್ತಿದ್ದ. ಮಲ್ಲೇಶ್ವರಿ ಹಿಂದೆ ಗೆಳತಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿರುತ್ತಿದ್ದಳು. ಮೂವರೂ ಅಧ್ಯಾಯದ ಮಾತು ಎತ್ತುತ್ತಿರಲಿಲ್ಲ. ಬೇರೆಲ್ಲ ಮಾತು ಆಡುತ್ತಿದ್ದರು.

ಕೊನೆಯ ಚಳಿಗಾಲದಲ್ಲಿ ರುಕ್ಸಾನಾ ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ಮರಿಲಿಂಗಪ್ಪನ ಫೋನು ಬಂತು. ಅದೇ ಮಾತು, ಈ ಸಲ ಇನ್ನೂ ಮೆತ್ತಗೆ. ಫೋನು ಇಟ್ಟ ಮೇಲೆ ಅವಳು ಮಲ್ಲೇಶ್ವರಿಯ ಕಡೆ ತಿರುಗಿದಳು.

"ತಗದ್ರ ಪುಸ್ತಕ ಬರ್ತದ. ಕೈಯಾಗ ಹಿಡದು ನೋಡ್ತೀನಿ. ಬಿಟ್ಟರ ನಾನೂ ಹೋಗ್ತೀನಿ, ಅದೂ ಹೋಗ್ತದ. ಏನ್ ಮಾಡ್ಲಿ ಹೇಳು."

"ಇಲ್ಲೇ ಯಾವುದಾರ ಪ್ರೆಸ್ಸಿನಾಗ ನಾವಾ ಹಾಕಸೋಣ," ಎಂದಳು ಮಲ್ಲೇಶ್ವರಿ.

"ಲಗ್ನಪತ್ರಿಕಿ ಹಾಕೋರ ಹಂತ್ಯಾಕ? ನಿನ್ನ ಗ್ರಂಥಾಲಯದಾಗ ಒಂದು, ನಮ್ಮವ್ವನ ದಿಂಬಿನ ಕೆಳಗ ಒಂದು ಇಡಾಕ?" ರುಕ್ಸಾನಾ ಆ ಸ್ಥಿತಿಯಲ್ಲೂ ಸಿಟ್ಟಾದಳು. ಅವಳಿಗೆ ಹೆಸರಿನ ಆಸೆ ಇತ್ತು. ಇಲ್ಲವೆಂದು ಬರೆದರೆ ಸುಳ್ಳಾಗುತ್ತದೆ. ತನಗಿಂತ ಕಡಿಮೆ ಬರೆದವರ ಹೆಸರು ಪತ್ರಿಕೆಯಲ್ಲಿ ಬಂದ ದಿನ ಅನ್ನ ಬಿಡುತ್ತಿದ್ದಳು. ಪುಸ್ತಕ ಅಂಗಡಿಯಲ್ಲಿ ಇರಬೇಕು, ಗುರುತಿಲ್ಲದವರು ಓದಬೇಕು, ಗುರುತಿಲ್ಲದವರು ಹೂಂ ಅನ್ನಬೇಕು. ಅದಕ್ಕಿಂತ ಕಡಿಮೆಗೆ ಅವಳು ಒಪ್ಪುವವಳಲ್ಲ.

ಆಮೇಲೆ ಕಣ್ಣು ಮುಚ್ಚಿಕೊಂಡು ಮಲಗಿದಳು. ನಿದ್ದೆ ಹೋದಳು ಎಂದುಕೊಂಡು ಮಲ್ಲೇಶ್ವರಿ ಏಳುವಾಗ ಸೀರೆಯ ಸೆರಗು ಹಿಡಿದಳು.

"ಅದನ್ನ ತಗದ್ರ ಉಳದದ್ದು ಬರೀ ಗೇಟು, ಬರೀ ನೀರು. ಅಪ್ಪನ ಕೈ ಇರಂಗಿಲ್ಲ ನೋಡು ಅದರಾಗ. ಬ್ಯಾಡ. ಇದ್ದಂಗ ಬರ್ಲಿ, ಇಲ್ಲಾ ಬರೋದು ಬ್ಯಾಡ."

"ಆತು."

"ಆತು ಅನಬ್ಯಾಡ. ಹೂಂ ಅನ್ನು."

"ಹೂಂ," ಎಂದಳು ಮಲ್ಲೇಶ್ವರಿ.

ಕಾಯಿಲೆ ಬೇಸಿಗೆ ದಾಟಲು ಬಿಡಲಿಲ್ಲ. ದಫನಿಗೆ ಹೊರಡುವ ಹೊತ್ತಿಗೆ ಸುರಪುರದಿಂದ ಆಸ್ಮಾ ಬಂದಳು. ಯಾರೊಡನೆಯೂ ಮಾತಾಡದೆ ಅಡುಗೆಮನೆಗೆ ಹೋಗಿ, ರುಕ್ಸಾನಾಳ ನಾಲ್ಕು ತಟ್ಟೆ, ಎರಡು ಲೋಟಗಳನ್ನು ಇಳಿಸಿ ತೊಳೆಯತೊಡಗಿದಳು. ಅವು ತೊಳೆದೇ ಇದ್ದವು. ಸಾಹಿತ್ಯದವರು ಹಾರ ತಂದಿದ್ದರು, ಇಲ್ಲಿ ಹಾರ ಹಾಕುವುದಿಲ್ಲ ಎಂದು ಗೊತ್ತಾಗಿ ಅದನ್ನು ಕಾರಿನಲ್ಲೇ ಬಿಟ್ಟು ನಿಂತರು. ಹೆಂಗಸರು ಗೋರಿಯವರೆಗೆ ಹೋಗುವಂತಿರಲಿಲ್ಲ. ಮಲ್ಲೇಶ್ವರಿ ಓಣಿಯ ತಿರುವಿನಲ್ಲಿ, ಟೈರಿನ ಅಂಗಡಿಯ ಕಟ್ಟೆಯ ಮೇಲೆ ಕೂತಳು. ಯಾರೋ ನೀರು ತಂದುಕೊಟ್ಟರು.

ಕಾರಹುಣ್ಣಿಮೆ ಕಳೆದು ಅಮಾವಾಸ್ಯೆಗಳು ಉರುಳಿ ಚಳಿ ಬಂದಾಗ ಅವಳ ಫೋನಿಗೆ ಒಂದು ಆಮಂತ್ರಣ ಬಂತು. ದಿವಂಗತ ಲೇಖಕಿ ರುಕ್ಸಾನಾ ಅವರ ಅಪ್ರಕಟಿತ ಕಾದಂಬರಿಯ ಲೋಕಾರ್ಪಣೆ, ಶಹಾಪುರದಲ್ಲಿ. ಕಾದಂಬರಿಯ ಹೆಸರು 'ಗೇಟಿನ ಕೆಳಗೆ' ಅಲ್ಲ, 'ಪರದೆಯ ಹಿಂದಿನ ನದಿ'. ಒಡನಾಡಿಯ ನುಡಿ: ಶ್ರೀಮತಿ ಮಲ್ಲೇಶ್ವರಿ, ಗ್ರಂಥಪಾಲಕಿ. ಅವಳನ್ನು ಯಾರೂ ಕೇಳಿರಲಿಲ್ಲ. ಹೆಸರು ಹಾಕಿದರೆ ಬರುತ್ತಾರೆ ಎಂದು ಮರಿಲಿಂಗಪ್ಪನಿಗೆ ಗೊತ್ತು.

ಸಭಾಂಗಣದ ಬಾಗಿಲಲ್ಲಿ ಪುಸ್ತಕ ಜೋಡಿಸಿಟ್ಟಿದ್ದರು. ರಕ್ಷಾಪುಟದಲ್ಲಿ ಕಪ್ಪು ಬುರ್ಖಾದೊಳಗಿನ ಎರಡು ಕಣ್ಣು, ಒಂದು ಕಣ್ಣಿನಿಂದ ಇಳಿದ ಹನಿ ಕೆಳಗೆ ನದಿಯಾಗಿ ಹರಿದಿತ್ತು. ಚಿತ್ರ ಬರೆದವನು ಕಾದಂಬರಿ ಓದಿರಲಿಲ್ಲ. ಓದುವ ಅಗತ್ಯವಿದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಮಲ್ಲೇಶ್ವರಿ ನಿಂತಲ್ಲೇ ಹಾಳೆ ತಿರುವಿದಳು. ಪಂಪಿನ ಮೋಟಾರು ಬಿಚ್ಚಲು ರೈತ ಇಳಿಯುತ್ತಾನೆ. ಮುಂದಿನ ಪುಟದಲ್ಲಿ ಬೇಸಿಗೆ ಬಂದುಬಿಟ್ಟಿತ್ತು. ಗೇಟಿನವನಿಗೆ ಪೆನ್ಶನ್ ಆಗಿತ್ತು.

"ಅವರ ತಮ್ಮ ಒಪ್ಪಿ ಸಹಿ ಹಾಕ್ಯಾನ. ಪುಸ್ತಕ ಬಂತಲ್ರಿ, ಅದು ದೊಡ್ಡದು," ಎಂದ ಮರಿಲಿಂಗಪ್ಪ. "ಮೊದಲಿನ ಫೈಲು? ಅದರ ಮ್ಯಾಲಾ ತಿದ್ದಿ ಸೇವ್ ಮಾಡ್ಯಾರ ನಮ್ಮ ಹುಡುಗರು. ಹಳೇದು ಉಳದಿಲ್ಲ. ಕೈಬರಹ ತಮ್ಮನ ಹಂತ್ಯಾಕ ಅದ ನೋಡ್ರಿ."

ಆಸೀಫ ಮೊದಲ ಸಾಲಿನಲ್ಲಿ ತಾಯಿಯನ್ನು ಕೂರಿಸಿ, ಅವಳ ಕಾಲಿಗೆ ಶಾಲು ಹೊದಿಸುತ್ತಿದ್ದ. ಮಲ್ಲೇಶ್ವರಿಯನ್ನು ಕಂಡು ಎದ್ದು ನಿಂತ. ಅವನು ಯಾವಾಗಲೂ ಅವಳಿಗೆ ಎದ್ದು ನಿಲ್ಲುತ್ತಿದ್ದ.

"ಆಸೀಫ, ಆ ಅಧ್ಯಾಯದ ಹಾಳಿ ಎಲ್ಲ್ಯವ?"

"ಅಕ್ಕ ಮಣ್ಣಾಗ ಇದಾಳ, ಮಲ್ಲಕ್ಕ. ಅಕಿಗಿ ಅಲ್ಲಿ ತ್ರಾಸ ಆಗಬಾರದು."

"ಹಾಳಿ ಎಲ್ಲ್ಯವ ಅಂದೆ."

"ಅದರಾಗ ಅಲ್ಲಾನ ಹೆಸರು ಇತ್ತು. ಸುಡಾಕ ಬರಂಗಿಲ್ಲ, ರದ್ದಿಗಿ ಹಾಕಾಕ ಬರಂಗಿಲ್ಲ. ಕೊಳ್ಳೂರ ಸೇತುವಿ ಮ್ಯಾಲಿಂದ ಹೊಳಿಗಿ ಬಿಟ್ಟೆ."

ಮಲ್ಲೇಶ್ವರಿ ಅವನ ಮುಖವನ್ನೇ ನೋಡಿದಳು. ಪವಿತ್ರ ಹೆಸರಿರುವ ಹಾಳೆಯನ್ನು ಹರಿಯುವ ನೀರಿಗೆ ಬಿಡುವುದು ಅವರಲ್ಲಿ ಮರ್ಯಾದೆ. ಅವನು ಮರ್ಯಾದೆಯಿಂದಲೇ ಬಿಟ್ಟಿದ್ದ.

"ಅಂದ್ರ ನಿಮ್ಮ ಖಾಜಾಗ ಮುಟ್ಟಿರ್ತದ ಬಿಡು," ಎಂದಳು.

ಆಸೀಫ ತಲೆ ತಗ್ಗಿಸಿ ತಾಯಿಯ ಶಾಲನ್ನು ಮತ್ತೊಮ್ಮೆ ಸರಿಮಾಡಿದ.

ಭಾಷಣಗಳಾದವು. ಅಧ್ಯಕ್ಷರು ಪರದೆ ಎಂಬ ಪದವನ್ನು ಹಿಡಿದು ಬಹಳ ಹೊತ್ತು ಎಳೆದರು. ನೊಂದ ಹೆಣ್ಣಿನ ನಿಟ್ಟುಸಿರು ಎಂದರು. ಮಲ್ಲೇಶ್ವರಿಯ ಸರದಿ ಬಂದಾಗ ನಿರೂಪಕಿ, "ಐದು ನಿಮಿಷ, ಮೇಡಂ" ಎಂದು ಕಿವಿಯಲ್ಲಿ ಹೇಳಿದಳು.

ಮಲ್ಲೇಶ್ವರಿ ನೆನಪುಗಳನ್ನು ಹೇಳಲಿಲ್ಲ. "ಈ ಪುಸ್ತಕದಾಗ ಒಂದು ಅಧ್ಯಾಯ ಇಲ್ಲ. ಅದನ್ನ ಹೇಳ್ತೀನಿ," ಎಂದು ಶುರುಮಾಡಿದಳು. ಗುರುವಾರ ಸಂಜೆ. ದೊಡ್ಡವರ ಕಾರು ಹೋದ ಧೂಳು ಇನ್ನೂ ಇಳಿದಿಲ್ಲ. ಗೇಟಿನವನ ಹೆಂಡತಿ ಮಲೀದಾ ಹಿಸುಕುತ್ತಾಳೆ, ಯಾಲಕ್ಕಿಯ ವಾಸನೆ ಕಾಲೊನಿಯ ಕೊನೆಯ ಸಾಲಿಗೆಲ್ಲ ಹರಡುತ್ತದೆ. ಅಂಬಿಗ ಹರಗೋಲು ಇಳಿಸುತ್ತಾನೆ.

ಮೊದಲು ಸಭೆ ಕೇಳಿತು. ಆಮೇಲೆ ಗಡಿಯಾರ ನೋಡಿತು. ಮರಿಲಿಂಗಪ್ಪ ನಿರೂಪಕಿಯ ಕಡೆ ನೋಡಿದ, ನಿರೂಪಕಿ ಸಮಯದ ಅಭಾವ ಎಂದು ಬರೆದ ಚೀಟಿಯನ್ನು ಮುಂದೆ ಇಟ್ಟಳು. ಮಲ್ಲೇಶ್ವರಿ ಚೀಟಿಯ ಮೇಲೆ ಕೈಯಿಟ್ಟು ಮುಂದುವರಿಸಿದಳು. ಹರಗೋಲು ದಂಡೆ ಬಿಡುವ ಹೊತ್ತಿಗೆ ಮೈಕು ಆರಿತು. ಹೊರಗೆ ಉಪ್ಪಿಟ್ಟು ಬಂದಿತ್ತು. ಜನ ಎದ್ದರು. ಅಧ್ಯಕ್ಷರು ಕೈಮುಗಿದು ಅವಳ ಪಕ್ಕದಿಂದಲೇ ಇಳಿದು ಹೋದರು.

ಅವಳು ವೇದಿಕೆಯಿಂದ ಇಳಿದಾಗ ಮೊದಲ ಸಾಲಿನಲ್ಲಿ ಮುನ್ನಿಬೀ ಒಬ್ಬಳೇ ಇದ್ದಳು. ಆಸೀಫ ಕಾರು ತರಲು ಹೋಗಿದ್ದ. ಮುದುಕಿಯ ಮಡಿಲಲ್ಲಿ ಮಗಳ ಪುಸ್ತಕ ತಲೆಕೆಳಗಾಗಿ ಇತ್ತು. ಅವಳಿಗೆ ಕನ್ನಡ ಅಕ್ಷರ ಬರುತ್ತಿರಲಿಲ್ಲ.

"ಹೂಂ," ಎಂದಳು ಮುನ್ನಿಬೀ.

ಮಲ್ಲೇಶ್ವರಿ ನಿಂತಳು.

"ಹೂಂ ಅಂದೆನಲ್ಲ. ಹರಗೋಲು ಬಿಟ್ಟಿತು. ಮುಂದ?"

ಮಲ್ಲೇಶ್ವರಿ ಪಕ್ಕದ ಕುರ್ಚಿಯಲ್ಲಿ ಕೂತಳು. ಬಾಯಿ ತೆರೆಯುವಷ್ಟರಲ್ಲಿ ಮುದುಕಿ ಅವಳ ಮೊಣಕೈ ಮುಟ್ಟಿದಳು.

"ಯಾಲಕ್ಕಿ ಅಂದಿ ನೀ. ನಾ ಯಾಲಕ್ಕಿ ಹಾಕ್ತಿದ್ದಿಲ್ಲವಾ. ನಮ್ಮ ಕೈಲೆ ಎಲ್ಲ್ಯಾಗ್ತದ ಯಾಲಕ್ಕಿ. ಸ್ವಾಂಪು ಹಾಕ್ತಿದ್ದೆ. ಅಕಿ ಯಾಲಕ್ಕಿ ಅಂತ ಬರದಿದ್ಳೇನು?"

ಮಲ್ಲೇಶ್ವರಿ ಯೋಚಿಸಿದಳು. ಅಡುಗೆಮನೆಯ ಹೊಸ್ತಿಲು ನೆನಪಾಯಿತು, ಪುಂಡಿಪಲ್ಯ, ಬೆರಳಿನ ಕಪ್ಪು ನೆನಪಾಯಿತು. ರುಕ್ಸಾನಾಳ ದನಿ ಏರಿದ್ದು, ಇಳಿದದ್ದು ಎಲ್ಲ ನೆನಪಾಯಿತು. ಯಾಲಕ್ಕಿಯೋ ಸೋಂಪೋ ನೆನಪಾಗಲಿಲ್ಲ. ತೆಗೆದು ನೋಡಲು ಎಲ್ಲಿಯೂ ಹಾಳೆ ಇರಲಿಲ್ಲ. ಕುರ್ಚಿ ಎತ್ತುವವರು ಹಿಂದಿನ ಸಾಲಿನಿಂದ ಒಂದರ ಮೇಲೊಂದು ಪೇರಿಸುತ್ತ ಬರುತ್ತಿದ್ದರು.

"ಸ್ವಾಂಪು," ಎಂದಳು ಕೊನೆಗೆ. ಹಾಗೆ ಹೇಳಿದ್ದು ಮುದುಕಿಯ ಮಾತು ನಂಬಿ.

"ಹೂಂ," ಎಂದಳು ಮುನ್ನಿಬೀ.

ಮಲ್ಲೇಶ್ವರಿ ಮತ್ತೆ ಶುರುಮಾಡಿದಳು. ಎದುರಿನ ದಂಡೆಯಲ್ಲಿ ಆ ರೈತನ ಹೆಂಡತಿ ಬಂದು ನಿಲ್ಲುವ ಜಾಗ ಬಂತು. ಅವಳು ಉಟ್ಟ ಸೀರೆಯ ಬಣ್ಣವನ್ನು ರುಕ್ಸಾನಾ ಹೇಳಿದ್ದಳು. ಅದೂ ನೆನಪಿನಿಂದ ಹೋಗಿತ್ತು.